ಮೇವಿದ್ದರಷ್ಟೇ ಸಾಲದು

ರೈತ ಬಾಂಧವರೇ, ಹೊಟ್ಟೆ ತುಂಬ ಮೇಯುವ ಪ್ರಾಣಿಯೂ ಸೊರಗಬಹುದೇ? ಚೀನಾದ ದಾಫೆಂಗ್ ರಕ್ಷಿತಾರಣ್ಯವನ್ನು ನೋಡಿರಿ. ತವರಿನಲ್ಲಿ ನಿರ್ನಾಮವಾಗಿ ಇಂಗ್ಲೆಂಡಿನಲ್ಲಿ ಉಳಿದಿದ್ದ ಮಿಲು ಜಿಂಕೆಗಳಲ್ಲಿ 39ನ್ನು 1986ರಲ್ಲಿ ಅಲ್ಲಿಗೆ ತರಲಾಯಿತು. ಹಿಂಡು ಬೆಳೆಯಿತು. ಆದರೆ ಕೆಲವು ಬಡಕಲಾಗಿ, ನಡುಗುತ್ತ ತೂರಾಡತೊಡಗಿದವು. ಕಾರಣ, ತಾಮ್ರದ ಕೊರತೆ! ಹುಲ್ಲಿನಲ್ಲಿ ತಾಮ್ರವೇನೋ ಇತ್ತು. ಗಂಧಕ ಅತಿಯಾಗಿ, ಹೊಟ್ಟೆಯಲ್ಲೇ ಅದನ್ನು ಕಟ್ಟಿಹಾಕಿ ಮೈಗೆ ಹತ್ತಗೊಡಲಿಲ್ಲ.

ಆದ್ದರಿಂದ ವನ್ಯಪ್ರಾಣಿಗಳ ರಕ್ಷಣೆಗೆ ಬೇಲಿ, ಕಾವಲುಗಳಷ್ಟೇ ಸಾಲವು. ಮಣ್ಣು, ಮೇವುಗಳ ಪರೀಕ್ಷೆಯೂ ಆಗಲೇಬೇಕು. ನಿಮ್ಮ ದನಕುರಿಗಳಿಗೂ ಇದೇ ನ್ಯಾಯ. ಹಾಗೆಂದು ನೀವಾಗಿಯೇ ಮೈಲುತುತ್ತ ತಿನ್ನಿಸಬೇಡಿರಿ. ತಾಮ್ರ ಮಿತಿಮೀರಿದರೆ ಕುರಿ ಸತ್ತೀತು. ಮೇವು ಪರೀಕ್ಷೆ ಮಾಡಿಸಿ, ಪಶುವೈದ್ಯರನ್ನು ಕೇಳಿ, ಅನಂತರ ಖನಿಜ ಮಿಶ್ರಣ ಕೊಡಿರಿ.