ಅಯೋಡಿನ್ ಹಾಕಿದಾಗ ನೀಲಿಯಾದರೆ ಆಹಾರ ಕಲಬೆರಕೆಯೇ?

ಆಹಾರದ ಮೇಲೆ ಎರಡು ಹನಿ ಅಯೋಡಿನ್ ಹಾಕುತ್ತಾರೆ. ಅದು ಕಡುನೀಲಿಯಾಗುತ್ತದೆ. ‘ನೋಡಿ, ಕೆಮಿಕಲ್! ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲಿನೊಂದಿಗೆ ಇಂಥ ವಿಡಿಯೋಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಆದರೆ ಆ ನೀಲಿ ಹೇಳುವುದು ಒಂದೇ ವಿಷಯ: ಇಲ್ಲಿ ಪಿಷ್ಟ ಇದೆ. ಆ ಪದಾರ್ಥದಲ್ಲಿ ಪಿಷ್ಟ ಇರಬೇಕೋ, ಇರಬಾರದೋ ಎಂಬುದನ್ನು ನಾವೇ ನೋಡಬೇಕು.

ಪಿಷ್ಟ ಎಂದರೇನು?

ಗಿಡಗಳು ಬಿಸಿಲಿನ ಬಲದಿಂದ ತಯಾರಿಸಿದ ಗ್ಲೂಕೋಸನ್ನು ಉದ್ದನೆಯ ಸರಪಳಿಯಾಗಿ ಜೋಡಿಸಿ ಕಾಳು, ಗೆಡ್ಡೆಗಳಲ್ಲಿ ಕೂಡಿಡುತ್ತವೆ. ಆ ದಾಸ್ತಾನೇ ಪಿಷ್ಟ ಅಥವಾ ಸ್ಟಾರ್ಚ್. ಸಂಸ್ಕೃತದಲ್ಲಿ ‘ಪಿಷ್ಟ’ ಎಂದರೆ ಅರೆದದ್ದು, ಹಿಟ್ಟು. ‘ಸ್ಟಾರ್ಚ್’ ಪದದ ಮೂಲ ಅರ್ಥ ಬಿರುಸಾಗಿಸುವುದು. ಕಾಟನ್ ಸೀರೆಗೆ ಗಂಜಿ ಹಾಕುವುದೂ ಅದಕ್ಕೇ ಅಲ್ಲವೇ?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೋದರೆ ಊಟವೆಂದರೆ ಬಿಳಿಜೋಳದ ರೊಟ್ಟಿ. ಜೋಳದ ಕಾಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ. ಗೋಧಿಯಲ್ಲಿರುವ ಗ್ಲುಟನ್ ಇದರಲ್ಲಿಲ್ಲ. ಹಾಗಾಗಿ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ, ಉಬ್ಬಿ, ಅಂಟಾಗುತ್ತವೆ. ಬಡಿಯುವಾಗ ರೊಟ್ಟಿ ಹರಿಯುವುದಿಲ್ಲ. ಈ ರೊಟ್ಟಿಗೆ ಅಯೋಡಿನ್ ಹಾಕಿದರೆ ನೀಲಿ-ಕಪ್ಪಾಗಲೇಬೇಕು. ಅಕ್ಕಿ, ಆಲೂಗಡ್ಡೆ, ಬಾಳೆಕಾಯಿಯದೂ ಅದೇ ಕತೆ.

ನೀಲಿ ಬಣ್ಣ ಏಕೆ?

ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಎಳೆ ಸ್ಪ್ರಿಂಗ್‌ನಂತೆ ಸುರುಳಿಯಾಗಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಸೇರಿಕೊಂಡಾಗ ಕಡುನೀಲಿ ಕಾಣುತ್ತದೆ. ಇದು ವಿಷದ ಗುರುತಲ್ಲ.

2017ರ ಜೂನ್‌ನಲ್ಲಿ ಕರ್ನಾಟಕದಲ್ಲೂ ‘ಪ್ಲಾಸ್ಟಿಕ್ ಅಕ್ಕಿ’ ವದಂತಿ ಹಬ್ಬಿತ್ತು. ಅನ್ನದ ಉಂಡೆ ಚೆಂಡಿನಂತೆ ಪುಟಿಯುವುದೇ ಸಾಕ್ಷಿ ಎಂದರು. ಪುಟಿಯಲು ಕಾರಣ ಬೆಂದ ಪಿಷ್ಟದ ಅಂಟು. ನಾವು ಬಳಸುವ ಪ್ಲಾಸ್ಟಿಕ್ ಅಯೋಡಿನ್‌ಗೆ ನೀಲಿಯಾಗುವುದಿಲ್ಲ, ಅನ್ನ ಆಗುತ್ತದೆ.

ಹಾಗಾದರೆ ಈ ಪರೀಕ್ಷೆ ಸುಳ್ಳೇ?

ಅಲ್ಲ. ಹಾಲು, ಖೋವಾ, ಪನೀರ್‌ನಲ್ಲಿ ಸಹಜವಾಗಿ ಪಿಷ್ಟ ಇರುವುದಿಲ್ಲ. ದಪ್ಪ ಕಾಣಲಿ, ತೂಕ ಬರಲಿ ಎಂದು ಪಿಷ್ಟ ಬೆರೆಸಿದ್ದರೆ ಅಯೋಡಿನ್ ಅದನ್ನು ಹಿಡಿಯುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಈ ವಿಧಾನ ಸೂಚಿಸಿದೆ: ಪನೀರ್ ಅಥವಾ ಖೋವಾದ ಚೂರನ್ನು ನೀರಿನಲ್ಲಿ ಕುದಿಸಿ, ತಣ್ಣಗಾದ ಮೇಲೆ 2-3 ಹನಿ ಟಿಂಚರ್ ಅಯೋಡಿನ್ ಹಾಕಬೇಕು. ತಣಿಸುವುದು ಮುಖ್ಯ, ಬಿಸಿಯಲ್ಲಿ ನೀಲಿ ಮಾಯವಾಗುತ್ತದೆ. ಹಿಟ್ಟು ಅಂಟಿದ ಚಮಚ ಬಳಸಿದರೆ ಶುದ್ಧ ಹಾಲೂ ನೀಲಿಯಾದೀತು. ನೀಲಿ ಬರಲಿಲ್ಲವೆಂದರೆ ಹಾಲು ಶುದ್ಧ ಎಂದೂ ಅಲ್ಲ, ಯೂರಿಯಾ, ಡಿಟರ್ಜೆಂಟ್ ಇದರಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು ಪರೀಕ್ಷೆಯಲ್ಲಿ ನೀಲಿಯೇ ಒಳ್ಳೆಯ ಸುದ್ದಿ! ಕತ್ತರಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ, ಒಂದು ನಿಮಿಷ ಬಿಟ್ಟು ಎರಡು ಹನಿ ನಿಂಬೆರಸ ಹಾಕಿ. ನೀಲಿಯಾದರೆ ಉಪ್ಪಿನಲ್ಲಿ ಅಯೋಡಿನ್ ಇದೆ ಎಂದರ್ಥ.

ಫಾರ್ವರ್ಡ್ ಮಾಡುವ ಮುನ್ನ

ಒಂದು ವಿಡಿಯೋದಿಂದ ರೊಟ್ಟಿ ಮಾರಿ ಬದುಕುವವರ ವ್ಯಾಪಾರ ನಿಲ್ಲಬಹುದು. ಸುಳ್ಳು ಎಚ್ಚರಿಕೆ ಹೆಚ್ಚಾದಷ್ಟೂ ನಿಜವಾದ ಕಲಬೆರಕೆ ಕಣ್ತಪ್ಪುತ್ತದೆ. ಹಾಗಾಗಿ ಮೊದಲು ಕೇಳಿಕೊಳ್ಳಿ: ಈ ಪದಾರ್ಥ ಕಾಳು, ಗೆಡ್ಡೆ, ಹಿಟ್ಟಿನದೇ? ಹೌದಾದರೆ ನೀಲಿ ಸಹಜ. ಹಾಲು, ಪನೀರ್ ಬಗ್ಗೆ ಅನುಮಾನವಿದ್ದರೆ ಬಿಲ್ ಮತ್ತು ಸ್ಯಾಂಪಲ್ ಇಟ್ಟುಕೊಂಡು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಅಯೋಡಿನ್ ಹಾಕಿದ ಚೂರನ್ನು ಮಾತ್ರ ತಿನ್ನಬೇಡಿ, ಎಸೆಯಿರಿ.