ವೈದ್ಯಶಿಕ್ಷಣಕ್ಕೆ ಮರಳುವ ಮಾತೆಯರು

ಕಲಕತ್ತೆಯ ಡಾ. ಕಾದಂಬಿನಿ ಗಂಗೂಲಿಯವರಿಗೆ 1886ರಲ್ಲಿ ಎಂ.ಬಿ. ಪದವಿಗೆ ಬದಲಾಗಿ ಜಿ.ಬಿ.ಎಂ.ಸಿ. ಪ್ರಮಾಣಪತ್ರ ಮಾತ್ರ ದೊರೆತಿತ್ತು. 1890ರ ಕಾಂಗ್ರೆಸ್ ಅಧಿವೇಶನದಲ್ಲಿ ಮಾತನಾಡಿದ ಈ ಮಹಿಳೆಯು ಮುಂದೆ ತಮ್ಮ ಮಕ್ಕಳನ್ನು ಮನೆಯವರ ವಶಕ್ಕೊಪ್ಪಿಸಿ, ಸಮುದ್ರವನ್ನು ದಾಟಿ, 1893ರಲ್ಲಿ ಸ್ಕಾಟ್ಲಂಡಿನ ವೈದ್ಯಸಂಸ್ಥೆಗಳ ಅರ್ಹತಾಪತ್ರಗಳನ್ನು ಪಡೆದು ಬಂದರು. ತಾಯಿಯಾದ ಬಳಿಕ ವೈದ್ಯವಿದ್ಯೆಗೆ ಮರಳುವುದು ಅಸಾಧ್ಯವೆನ್ನುವವರು ಈ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆದರೆ ಕಾದಂಬಿನಿಯವರ ಅಸಾಧಾರಣ ಧೈರ್ಯವನ್ನು ಪ್ರತಿಯೊಬ್ಬ ವೈದ್ಯೆಯಿಂದಲೂ ಬೇಡುವ ವ್ಯವಸ್ಥೆಯನ್ನು ನಾವು ನ್ಯಾಯವಾದುದೆನ್ನಲಾರೆವು.

ಸರಕಾರವು ಏನನ್ನೂ ಮಾಡಿಲ್ಲವೆಂದಲ್ಲ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆಯು 26 ವಾರಗಳಿಗೇರಿತು. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ ನಿಯಮಗಳು, ರಜೆಯು ಮಿತಿಮೀರಿದಲ್ಲಿ ಅಷ್ಟೇ ದಿನ ವ್ಯಾಸಂಗದ ಅವಧಿಯನ್ನು ಮುಂದುವರಿಸುತ್ತವೆ. ಇದು ಒಳಗಿರುವವಳ ಮಾತಾಯಿತು. ಎಂ.ಬಿ.ಬಿ.ಎಸ್. ಮುಗಿಸಿ, ಕೂಸಿಗಾಗಿಯೋ ಹಾಸಿಗೆ ಹಿಡಿದ ಅತ್ತೆಗಾಗಿಯೋ ಐದಾರು ವರ್ಷ ಮನೆಯಲ್ಲಿ ನಿಂತವಳಿಗೆ ಪ್ರವೇಶಪರೀಕ್ಷೆಯ ದ್ವಾರವೊಂದೇ ಗತಿ. ಅಲ್ಲಿ ಆಕೆಯು ನಿನ್ನೆಯಷ್ಟೇ ಹೌಸ್‌ಸರ್ಜನ್ ಕೆಲಸ ಮುಗಿಸಿದ ತರುಣರೊಡನೆ ಸ್ಪರ್ಧಿಸಬೇಕು. ಗೆದ್ದರೂ ಮೂರು ವರ್ಷ ಪೂರ್ಣಕಾಲ ದುಡಿಯಬೇಕು. ಅರೆಕಾಲದ ವ್ಯಾಸಂಗಕ್ಕೆ ನಿಯಮಗಳಲ್ಲಿ ಎಡೆಯಿಲ್ಲ. ಸಾರ್ವಜನಿಕರ ಹಣದಿಂದ ಓದಿದವಳು ಹೀಗೆ ಹೊರಗುಳಿದಾಗ, ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞೆಗಾಗಿ ಕಾಯುವ ಬಡ ಬಸುರಿಯ ನಷ್ಟವನ್ನು ಯಾರು ಲೆಕ್ಕವಿಟ್ಟಿದ್ದಾರೆ?

ಅಭ್ಯಾಸ ತಪ್ಪಿದ ಕೈಗೆ ರೋಗಿಯನ್ನು ಒಪ್ಪಿಸುವುದೆಂತೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಸಾರವುಳ್ಳದ್ದೇ. ಆದುದರಿಂದಲೇ ಹಿರಿಯರ ಮೇಲ್ವಿಚಾರಣೆಯ ಅವಧಿಯೊಂದು ಬೇಕೆನ್ನುತ್ತೇವೆ. ಇಂಗ್ಲಂಡಿನಲ್ಲಿ ಮೂರು ತಿಂಗಳು ಅಥವಾ ಹೆಚ್ಚು ಕಾಲ ತರಬೇತಿಯಿಂದ ದೂರವಿದ್ದ ವೈದ್ಯರು ಕ್ರಮೇಣ ಕೆಲಸಕ್ಕೆ ಮರಳಲು ಇಂತಹ ಏರ್ಪಾಡುಂಟು. ಅರೆಕಾಲದ ತರಬೇತಿಯೂ ಉಂಟು. ಆಂಗ್ಲರದೆಲ್ಲವನ್ನೂ ಅನುಕರಿಸಬೇಕೆಂಬ ಪಕ್ಷ ನಮ್ಮದಲ್ಲ. ಇದೊಂದನ್ನು ಎರವಲು ತರಲು ಸಂಕೋಚವೇಕೋ ತಿಳಿಯದು.

ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಿಗೆ ಕಳುಹಿಸುವ ಪದ್ಧತಿಯು ನಮ್ಮಲ್ಲಿ ಈಗಾಗಲೇ ಇದೆ. ಅದೇ ಆಸ್ಪತ್ರೆಗಳಲ್ಲಿ, ಮರಳಿ ಬರುವ ವೈದ್ಯೆಯರಿಗೆ ವೇತನಸಹಿತವಾದ ಆರು ತಿಂಗಳ ಸ್ಥಾನಗಳನ್ನು ರಾಜ್ಯ ಸರಕಾರವು ಕಲ್ಪಿಸಬಹುದು. ಮೂರು ವರ್ಷದ ಪಾಠವನ್ನು ಐದು ವರ್ಷಗಳಲ್ಲಿ ಮುಗಿಸಲು ಅನುಮತಿಸುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕೈಯಲ್ಲಿದೆ. ಮೊದಲನೆಯದಕ್ಕೆ ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ; ಬರುವ ಆಯವ್ಯಯದಲ್ಲಿಯೇ ಅದಕ್ಕೆ ಹಣವನ್ನು ತೆಗೆದಿರಿಸಬೇಕೆಂದು ಆರೋಗ್ಯ ಮಂತ್ರಿಗಳನ್ನು ಒತ್ತಾಯಿಸುತ್ತೇವೆ.