ಫಲಿತಾಂಶ ಮಾರ್ಚ್‌ನದ್ದು, ಗುಣಮಟ್ಟ ಜೂನ್‌ನದ್ದು

ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಮೊದಲ ಪರೀಕ್ಷೆಯಲ್ಲಿ ಶೇ 62.34. ಎರಡೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ. ಮೊದಲಿದ್ದ ಅಂಕಿಯೇ ಪೂರ್ತಿ ನಂಬುವಂಥದ್ದಲ್ಲ ಅಂತ ನಮಗನಿಸುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಸುದ್ದಿಗೆ ಓಡಾಡುವ ನಮಗೆ ಡಿಸೆಂಬರ್ ಬಂದರೆ ಒಂದೇ ಮಾತು ಕೇಳುತ್ತದೆ: ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಸರಣಿ ಪರೀಕ್ಷೆ. ಮೇಷ್ಟ್ರುಗಳು ಕಷ್ಟಪಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗುಬ್ಬಿ ವೀರಣ್ಣನವರ ಊರಿನವರಿಗೆ ತಾಲೀಮು ಅಂದರೇನು ಅಂತ ನಾವು ಹೇಳಿಕೊಡಬೇಕಾ? ಪರದೆ ಏಳುವ ಹಿಂದಿನ ರಾತ್ರಿ ಮಾತು ಬಾಯಿಪಾಠ ಮಾಡಿಸಿದರೆ ನಾಟಕ ಆಗುತ್ತದಾ?

ಎಂಟನೇ ಕ್ಲಾಸಿಗೆ ಬಂದ ಮಗುವಿಗೆ ಭಾಗಾಕಾರ ಬರದಿದ್ದರೆ ಅದು ಜೂನ್ ತಿಂಗಳ ಸೇತುಬಂಧದಲ್ಲೇ ಗೊತ್ತಾಗುತ್ತದೆ. ಪರೀಕ್ಷೆ ಮಾಡಿ, ಪಟ್ಟಿ ಬರೆದು ಫೈಲಿಗೆ ಹಾಕಿ ಮುಂದಿನ ಪಾಠಕ್ಕೆ ಹೋದರೆ ಎರಡೂವರೆ ವರ್ಷ ಕೈತಪ್ಪಿ ಹೋಯಿತು. ಗಣಿತಕ್ಕೋ ಇಂಗ್ಲಿಷಿಗೋ ಅತಿಥಿ ಶಿಕ್ಷಕರೇ ಗತಿ ಅನ್ನುವ ಶಾಲೆಯಲ್ಲಿ ಅವರು ಯಾವ ತಿಂಗಳು ಬಂದರು ಅನ್ನುವುದೇ ಫಲಿತಾಂಶದ ಅರ್ಧ. ಬಂದ ಮೇಷ್ಟ್ರನ್ನೂ ಕ್ಲಾಸಿನಲ್ಲಿ ಉಳಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಸಮೀಕ್ಷೆಗಾಗಿ ದಸರಾ ರಜೆಯನ್ನು 18ರವರೆಗೆ ಎಳೆದರು. ಸಮೀಕ್ಷೆ ಬೇಡ ಅಂತಲ್ಲ, ಹೋದ ಪಾಠವನ್ನು ಯಾವಾಗ ತುಂಬಿಸಿದರು ಅಂತ ಕೇಳುವವರು ಬೇಕು.

ಫೇಲಾದವರಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ, ಒಳ್ಳೆಯದೇ. ಆದರೆ ಫೇಲಾದ ಹೆಣ್ಣುಮಗಳಿಗೆ ಮನೆಯಲ್ಲಿ ಇನ್ನೊಂದು ಅವಕಾಶ ಸಿಗುವುದು ಅಷ್ಟು ಸುಲಭವಲ್ಲ. ಗಂಡು ನೋಡುತ್ತಾರೆ, ಇಲ್ಲವೇ ಗಾರ್ಮೆಂಟ್ಸ್‌ಗೆ ಕಳಿಸುತ್ತಾರೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದದ್ದು 2001ರಲ್ಲಿ. ನಮ್ಮ ಕಡೆ ಸಮಿತಿಯ ಸಭೆ ಅಂದರೆ ಕಾಂಪೌಂಡು, ಬಣ್ಣ, ಆಗಸ್ಟ್ 15ರ ಸಿಹಿ. 'ಮೇಲುಸ್ತುವಾರಿ' ಹೆಸರಲ್ಲೇ ಉಳಿದಿದೆ. ನಿಮ್ಮ ಮಗುವೂ ಅಲ್ಲೇ ಓದುತ್ತಿದ್ದರೆ ಮುಂದಿನ ಸಭೆಗೆ ಹೋಗಿ ಮೂರು ಕೇಳಿ: ಗಣಿತದ ಮೇಷ್ಟ್ರು ಯಾವ ತಾರೀಕು ಬಂದರು, ಈ ತಿಂಗಳು ಎಷ್ಟು ದಿನ ಪಾಠ ನಡೆಯಿತು, ಸೇತುಬಂಧದಲ್ಲಿ ಹಿಂದುಳಿದ ಮಕ್ಕಳು ಈಗ ಎಲ್ಲಿಗೆ ಬಂದಿದ್ದಾರೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.